ಪಲೆರ್ಮೊದ ತೇರು

ನಿನ್ನೆ ಜುಲೈ 14. ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೊದಲ್ಲಿ, ಊರನ್ನು ಕಾಯುವ ಸಂತಳೆಂದು ನಂಬುವ ಸಾಂತಾ ರೊಸಾಲಿಯಾಳ ಹಬ್ಬದ ರಾತ್ರಿ. ಕಾಲಿಡಲು ಜಾಗವಿರಲಿಲ್ಲ. ಹಡಗಿನಾಕಾರದ ತೇರು ಹಳೆಯ ರಾಜಬೀದಿಯಲ್ಲಿ ಸಮುದ್ರದ ಕಡೆಗೆ ನಿಧಾನವಾಗಿ ಇಳಿಯುತ್ತಿತ್ತು. ಕ್ವಾತ್ರೊ ಕಾಂತಿ ಚೌಕದಲ್ಲಿ ಅದು ನಿಂತಾಗ ಮೇಯರ್ ಮೇಲೇರಿ ಹೂವಿಟ್ಟು, ಪಲೆರ್ಮೊಗೂ ಸಂತಳಿಗೂ ಜಯವಾಗಲಿ ಎಂದು ಕೂಗಿದರು. ಜನ ಕೊಟ್ಟ ಮಾರುತ್ತರಕ್ಕೆ ನನ್ನ ಮೈ ಜುಮ್ಮೆಂದಿತು.

1624ರಲ್ಲಿ ಪ್ಲೇಗ್ ಈ ಊರನ್ನು ನುಂಗುತ್ತಿತ್ತು. ಪೆಲ್ಲೆಗ್ರಿನೊ ಬೆಟ್ಟದ ಗುಹೆಯಲ್ಲಿ ಸಿಕ್ಕ ರೊಸಾಲಿಯಾಳ ಅಸ್ಥಿಗಳನ್ನು ಮರುವರ್ಷ ಮೆರವಣಿಗೆ ಮಾಡಿದ ಮೇಲೆ ರೋಗ ಇಳಿಯಿತೆಂದು ಇಲ್ಲಿಯವರು ನಂಬುತ್ತಾರೆ. 400 ವರ್ಷಗಳ ಹಿಂದಿನ ಆ ಭಯ ಇಂದು ಯಾರಿಗೂ ನೆನಪಿರಲಾರದು. ಆದರೆ ಕೃತಜ್ಞತೆ ಮಾತ್ರ ಉಳಿದುಬಂದಿದೆಯಲ್ಲ, ಅದು ನನಗೆ ಬಹಳ ದೊಡ್ಡದಾಗಿ ಕಂಡಿತು.

ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಬೆಳ್ಳುಳ್ಳಿ, ಎಣ್ಣೆ, ಪಾರ್ಸ್ಲಿ ಹಾಕಿ ಬೇಯಿಸಿದ ಪುಟ್ಟ ಬಸವನಹುಳುಗಳನ್ನು ಚಿಪ್ಪಿನಿಂದ ಹೀರಿ ತಿನ್ನುತ್ತಿದ್ದರು. ಬೆರಳುಗಳೆಲ್ಲ ಎಣ್ಣೆಯಿಂದ ಮಿನುಗುತ್ತಿದ್ದವು. ನಾನು ತಿನ್ನುವುದಿಲ್ಲ ಎಂದು ಕೈಮುಗಿದೆ. ಅವರು ನಕ್ಕು ಕಲ್ಲಂಗಡಿಯ ಹೋಳೊಂದನ್ನು ಕೈಗಿಟ್ಟರು.

ಈ ಊರಿನಲ್ಲಿ ನೆಲೆಸಿರುವ ಶ್ರೀಲಂಕಾದ ತಮಿಳು ಹಿಂದೂಗಳೂ ಈ ಸಂತಳಿಗೆ ನಡೆದುಕೊಳ್ಳುತ್ತಾರೆ, ಅವಳ ಗುಹೆಗೆ ಬೆಟ್ಟ ಹತ್ತಿ ಹೋಗುತ್ತಾರೆ. ಮನೆ ಬಿಟ್ಟು ಬಂದವರಿಗೆ ಹೊಸ ನೆಲದಲ್ಲೂ ಒಬ್ಬ ತಾಯಿ ಬೇಕು. ಇದನ್ನು ಯೋಚಿಸುತ್ತಿದ್ದಾಗಲೇ ಕಡಲ ಮೇಲೆ ಬಾಣಬಿರುಸು ಶುರುವಾಯಿತು. ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡು ನನ್ನ ತೋಳು ಹಿಡಿದು ಎದ್ದು ನಿಂತರು.