ಚಿಲಿಕಾಗೆ ಹೋಗುವವರು ಮಂಗಳಾಜೋಡಿಗೆ ಎರಡು ಬೆಳಗು ಇಟ್ಟುಕೊಳ್ಳಿ

ಒಡಿಶಾದ ಚಿಲಿಕಾ ಸರೋವರ ಅಂದರೆ ಎಲ್ಲರೂ ಪುರಿಯಿಂದ ಒಂದು ದಿನ ಹೋಗಿ ಬಂದುಬಿಡುತ್ತಾರೆ. ಹಕ್ಕಿ ನೋಡುವ ಆಸೆ ಇದ್ದರೆ ಅದು ಸಾಲುವುದಿಲ್ಲ. ಮಳೆಗಾಲದಲ್ಲಿ ಸಾವಿರ ಚದರ ಕಿಲೋಮೀಟರ್ ದಾಟಿ ಹರಡುವ ಹಿನ್ನೀರು ಅದು. ಹಕ್ಕಿಗಳ ಜಾಗ ಒಂದು ಕಡೆ, ಡಾಲ್ಫಿನ್ ಜಾಗ ಇನ್ನೊಂದು ಕಡೆ.

ಹಕ್ಕಿಗೆ ಮಂಗಳಾಜೋಡಿಯೇ ಸರಿ. ಉತ್ತರ ದಂಡೆಯ ಹಳ್ಳಿ, ಭುವನೇಶ್ವರದಿಂದ ಸುಮಾರು 70 ಕಿ.ಮೀ. ಹೆದ್ದಾರಿಯಲ್ಲಿ ಟಾಂಗಿಯವರೆಗೆ ಬಂದು ಒಳಗೆ ತಿರುಗಬೇಕು. ನಾವು ಹೋಗಿದ್ದು ಜನವರಿಯಲ್ಲಿ. ಹಳ್ಳಿಯಲ್ಲೇ ಉಳಿದುಕೊಳ್ಳಿ, ಬೆಳಿಗ್ಗೆ ಕಾರಿನಲ್ಲಿ ಬರೋಣ ಅಂದುಕೊಂಡರೆ ಒಳ್ಳೆಯ ಹೊತ್ತು ರಸ್ತೆಯಲ್ಲೇ ಕಳೆದುಹೋಗುತ್ತದೆ.

ಮೊದಲ ಬೆಳಿಗ್ಗೆ ಆರು ಗಂಟೆಗೇ ದೋಣಿ ಹತ್ತಿದೆವು. ಮಂಜು! ದೋಣಿಯ ಮೂತಿ ಬಿಟ್ಟರೆ ಏನೂ ಕಾಣಲಿಲ್ಲ. ಸುತ್ತ ಸಾವಿರಾರು ಹಕ್ಕಿಗಳ ಗಲಾಟೆ, ಕಣ್ಣಿಗೆ ಒಂದೂ ಇಲ್ಲ. ಎಂಟರ ಹೊತ್ತಿಗೆ ಪರದೆ ಸರಿಯಿತು, ಆದರೆ ನಮ್ಮ ದೋಣಿಯ ಸಮಯ ಮುಗಿಯುತ್ತಾ ಬಂದಿತ್ತು. ಅದಕ್ಕೇ ಎರಡನೇ ಬೆಳಗು ಬೇಕು ಅನ್ನುವುದು. ಸಂಜೆಯನ್ನು ಜಾಸ್ತಿ ನಂಬಬೇಡಿ. ನಮ್ಮ ಕಡೆಗಿಂತ ಅಲ್ಲಿ ಬೇಗ ಹೊತ್ತು ಮುಳುಗುತ್ತದೆ, ಐದೂವರೆಗೆಲ್ಲ ಬೆಳಕು ಹೋಗಿರುತ್ತದೆ.

ಇಲ್ಲಿ ಮೋಟಾರ್ ಇಲ್ಲ, ಬಿದಿರಿನ ಗಳ ಊರಿ ದೋಣಿ ತಳ್ಳುತ್ತಾರೆ. ದೋಣಿ ತಗ್ಗು, ಹಾಗಾಗಿ ಹಕ್ಕಿ ಕಣ್ಣಿನ ಮಟ್ಟಕ್ಕೇ ಸಿಗುತ್ತದೆ. ಎರಡನೇ ದಿನ ಕಪ್ಪುಬಾಲದ ಗಾಡ್‌ವಿಟ್‌ಗಳು ಉದ್ದ ಕೊಕ್ಕನ್ನು ಕೆಸರಿಗೆ ಚುಚ್ಚುತ್ತಾ ನಮ್ಮನ್ನು ಲೆಕ್ಕಕ್ಕೇ ಇಡಲಿಲ್ಲ. ಸೂಜಿಬಾಲದ ಬಾತು, ಚಲುಕ ಬಾತು, ನೇರಳೆ ಜಂಬುಕೋಳಿ, ಮೀಸೆ ರೀವ ಎಲ್ಲ ಹತ್ತಿರದಲ್ಲೇ ಕಂಡವು. ಇದ್ದಕ್ಕಿದ್ದಂತೆ ಸೆಳೆವ ಅನ್ನುವ ಬೇಟೆ ಹಕ್ಕಿಯೊಂದು ಮೇಲೆ ಹಾದುಹೋಯಿತು ನೋಡಿ, ಇಡೀ ಜೌಗೇ ಎದ್ದು ಹಾರಿದ ಹಾಗಾಯಿತು. ಆಗ ನನ್ನ ಕ್ಯಾಮೆರಾ ಚೀಲದಲ್ಲಿತ್ತು. ಒಳ್ಳೆಯದೇ ಆಯ್ತು, ಕಣ್ಣಿಂದ ನೋಡಿದೆ.

ದೋಣಿಯವರ ಮಾತು ಕೇಳಿ. ಒಂದು ಕಾಲಕ್ಕೆ ಈ ಹಳ್ಳಿ ಹಕ್ಕಿ ಬೇಟೆಗೇ ಹೆಸರಾಗಿತ್ತು. 2000ದ ಹೊತ್ತಿಗೆ ಬೇಟೆಗಾರರೇ ಸೇರಿ ಶ್ರೀ ಮಹಾವೀರ ಪಕ್ಷಿ ಸುರಕ್ಷಾ ಸಮಿತಿ ಕಟ್ಟಿಕೊಂಡರು. ಯಾವ ಹಕ್ಕಿ ಯಾವ ಹುಲ್ಲಿನ ಮರೆಯಲ್ಲಿ ಕೂತಿರುತ್ತದೆ ಅಂತ ಇವರಿಗೆ ಗೊತ್ತಿರುವಷ್ಟು ಯಾವ ಪುಸ್ತಕಕ್ಕೂ ಗೊತ್ತಿಲ್ಲ. ಒಡಿಯಾ ಬರದಿದ್ದರೆ ಚಿಂತೆ ಇಲ್ಲ, ಹಕ್ಕಿಗಳ ಇಂಗ್ಲಿಷ್ ಹೆಸರು ಅವರ ಬಾಯಲ್ಲೇ ಇರುತ್ತದೆ. ‘ಇನ್ನೂ ಹತ್ತಿರ ಹೋಗಿ’ ಅಂತ ಮಾತ್ರ ಪೀಡಿಸಬೇಡಿ. ಪಕ್ಕದ ದೋಣಿಯವರೊಬ್ಬರು ಹಾರುವ ಫೋಟೊ ಬೇಕೆಂದು ಚಪ್ಪಾಳೆ ತಟ್ಟಿದರು. ನಮಗೇ ನಾಚಿಕೆಯಾಯಿತು.

ಸ್ವೆಟರ್, ಟೋಪಿ, ಬೈನಾಕ್ಯುಲರ್ ಬೇಕೇ ಬೇಕು. ದೋಣಿಯಲ್ಲಿ ಶೌಚಾಲಯ ಇಲ್ಲ, ಬೆಳಗಿನ ಕಾಫಿ ನೋಡಿಕೊಂಡು ಕುಡಿಯಿರಿ.

ಪಟ್ಟೆತಲೆ ಹೆಬ್ಬಾತು ನನಗೆ ಇಲ್ಲಿ ಸಿಗಲಿಲ್ಲ. ಅದೊಂದಕ್ಕಾಗಿಯೇ ಆದರೆ ಇಷ್ಟು ದೂರ ಯಾಕೆ, ಗದಗ ಜಿಲ್ಲೆಯ ಮಾಗಡಿ ಕೆರೆ ಇದೆಯಲ್ಲ.

ಡಾಲ್ಫಿನ್‌ಗೆ ಸಾತಪಡಾ, ಪುರಿಯಿಂದ ಸುಮಾರು 50 ಕಿ.ಮೀ. ಅದಕ್ಕೆ ಬೇರೆ ದಿನ ಇಡಿ. ಅಲ್ಲಿ ಮೋಟಾರ್ ದೋಣಿಗಳು, ಡಾಲ್ಫಿನ್ ಕಂಡರೆ ಎಂಜಿನ್ ನಿಲ್ಲಿಸಲು ಹೇಳಿ. ಇರಾವಡಿ ಡಾಲ್ಫಿನ್‌ಗೆ ಉದ್ದ ಮೂತಿ ಇಲ್ಲ, ಸಿನಿಮಾದಲ್ಲಿ ತೋರಿಸುವ ಹಾಗೆ ಚಿಮ್ಮುವುದೂ ಅಪರೂಪ. ಬೂದುಬಣ್ಣದ ಬೆನ್ನು ಒಮ್ಮೆ ಮೇಲೆ ಬರುತ್ತದೆ, ಅಷ್ಟೇ. ನನ್ನ ಹತ್ತಿರ ಬರೀ ನೀರಿನ ಫೋಟೊಗಳೇ ಇಪ್ಪತ್ತಿವೆ.