ಮುಳಬಾಗಿಲು ದಾಟಿ ಶ್ರೀಹರಿಕೋಟಕ್ಕೆ

2025ರ ಜುಲೈ 30ರ ನಸುಕಿನಲ್ಲಿ ಕೋಲಾರದಿಂದ ಬಾಡಿಗೆ ಟೆಂಪೊ ಟ್ರಾವೆಲರಿನಲ್ಲಿ ಹೊರಟ ನಾವು ಹನ್ನೊಂದು ಮಂದಿ, ಮುಳಬಾಗಿಲಿನಲ್ಲಿ ದೋಸೆ ತಿಂದು, ನಂಗಲಿ ಗಡಿ ದಾಟಿ, ಪಲಮನೇರು, ಚಿತ್ತೂರು, ತಿರುಪತಿಗಳನ್ನು ಹಾದು ಸೂಳ್ಳೂರುಪೇಟೆ ತಲುಪುವಾಗ ಮಧ್ಯಾಹ್ನವಾಗಿತ್ತು. ತಿರುಪತಿಯವರೆಗೆ ಬಂದೂ ಬೆಟ್ಟ ಹತ್ತಲಿಲ್ಲವೆಂದು ನರಸಾಪುರದ ನಮ್ಮ ಭಾವ ಮಾತ್ರ ಚಡಪಡಿಸುತ್ತಿದ್ದರು.

ನಾವು ನೋಡಲು ಹೋದದ್ದು ಇಸ್ರೊ ಮತ್ತು ನಾಸಾ ಸೇರಿ ಕಟ್ಟಿದ 2,392 ಕಿಲೊ ತೂಕದ ನಿಸಾರ್ ಉಪಗ್ರಹದ ಉಡಾವಣೆಯನ್ನು. ಮೇ ತಿಂಗಳಲ್ಲಿ ಅದೂ ನಮ್ಮಂತೆಯೇ ಬೆಂಗಳೂರಿನ ಕಡೆಯಿಂದ ರಸ್ತೆಯಲ್ಲೇ ಇಲ್ಲಿಗೆ ಬಂದಿತ್ತು. ಪುಲಿಕಾಟ್ ಸರೋವರವನ್ನು ಸೀಳಿಕೊಂಡು ಹೋಗುವ ರಸ್ತೆಯಲ್ಲಿ ದ್ವೀಪ ಸೇರಿ, ಗುರುತಿನ ಚೀಟಿ ತೋರಿಸಿ, ವೀಕ್ಷಣಾ ಗ್ಯಾಲರಿಯಲ್ಲಿ ಕುಳಿತೆವು. ಸಂಜೆ 5.40ಕ್ಕೆ ಮರಗಳ ಮೇಲೆ ಮೊದಲು ಬೆಂಕಿ ಕಂಡಿತು. ಜನ ಕೂಗಿ ಮುಗಿಸುವ ಹೊತ್ತಿಗೆ ಸದ್ದು ಬಂದು ಎದೆಗೆ ಬಡಿಯಿತು. ಸುಮಾರು 19 ನಿಮಿಷಗಳಲ್ಲಿ ಉಪಗ್ರಹ ಜಿಎಸ್‌ಎಲ್‌ವಿ ರಾಕೆಟ್ಟಿನಿಂದ ಬೇರ್ಪಟ್ಟಿತ್ತು.

ಇದೇ ದ್ವೀಪದಿಂದ 2022ರ ನವೆಂಬರಿನಲ್ಲಿ ಸ್ಕೈರೂಟ್ ಕಂಪನಿಯ ವಿಕ್ರಮ್-ಎಸ್, 2024ರ ಮೇ 30ರಂದು ತನ್ನದೇ ಉಡಾವಣಾ ವೇದಿಕೆಯಿಂದ ಅಗ್ನಿಕುಲ್ ಕಂಪನಿಯ ಅಗ್ನಿಬಾಣ ಹಾರಿದ್ದವು. ಆದರೆ ಇವೆರಡೂ ಕಕ್ಷೆಗೆ ಏರುವ ಪ್ರಯೋಗಗಳಾಗಿರಲಿಲ್ಲ ಎಂಬುದನ್ನು ಖಾಸಗಿ ಯುಗ ಬಂದೇಬಿಟ್ಟಿತೆನ್ನುವವರು ಮರೆಯಬಾರದು. ಸರ್ಕಾರ ಸುಮಾರು 3,985 ಕೋಟಿ ರೂಪಾಯಿಯ ಮೂರನೆಯ ಉಡಾವಣಾ ವೇದಿಕೆಗೆ 2025ರ ಜನವರಿಯಲ್ಲಿ ಒಪ್ಪಿಗೆ ನೀಡಿತ್ತು. ನಾವು ಹೋಗುವ ಹದಿನೈದು ದಿನ ಮೊದಲಷ್ಟೇ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಮರಳಿದ್ದರು. ಭಾರತ ಹಣ ಕೊಟ್ಟು ಪಡೆದ ಆಸನ, ಸ್ಪೇಸ್‌ಎಕ್ಸ್ ಕಂಪನಿಯ ವಾಹನ. ನಮ್ಮದೇ ಮಾನವಸಹಿತ ಯೋಜನೆಯಾದ ಗಗನಯಾನದ ಸ್ವಂತ ಗಾಡಿ ಸಿದ್ಧವಾಗುವ ಮುನ್ನ ಬಾಡಿಗೆ ಗಾಡಿಯಲ್ಲಿ ದಾರಿ ನೋಡಿಕೊಂಡು ಬರುವುದು ಜಾಣತನವೆಂದೇ ನನಗನ್ನಿಸುತ್ತದೆ.

ರಾತ್ರಿ ಪಲಮನೇರಿನ ಹತ್ತಿರ ಭಾವ ಕೇಳಿದರು: "ಮೇಷ್ಟ್ರೇ, ಇದು ಬೋರಿಗೆ ಪಾಯಿಂಟ್ ತೋರಿಸ್ತದಾ?" ಸಾವಿರದ ಇನ್ನೂರು ಅಡಿ ಕೊರೆಸಿಯೂ ಧೂಳೇ ಬಂದ ಎರಡು ಕೊಳವೆಬಾವಿಗಳ ಒಡೆಯರು ಅವರು. ನಿಸಾರ್ ನೆಲದಾಳದ ನೀರನ್ನು ನೇರವಾಗಿ ಕಾಣುವುದಿಲ್ಲವೆಂದೂ, ಸುಮಾರು 740 ಕಿಲೊಮೀಟರ್ ಎತ್ತರದಿಂದ ಎರಡು ತರಂಗಾಂತರಗಳ ರಾಡಾರಿನಲ್ಲಿ ಹಗಲು, ಇರುಳು, ಮೋಡಗಳ ಹಂಗಿಲ್ಲದೆ ಒಂದೇ ಜಾಗವನ್ನು 12 ದಿನಗಳಲ್ಲಿ ಎರಡು ಬಾರಿ ನೋಡಿ, ನೆಲ ಸೆಂಟಿಮೀಟರಿನಷ್ಟು ಕುಸಿದರೂ ಉಬ್ಬಿದರೂ ಅಳೆಯುತ್ತದೆಂದೂ, ಅಂತರ್ಜಲ ಬರಿದಾಗಿ ನೆಲ ಕುಸಿದಲ್ಲಿ ಅದರ ಸುಳಿವು ಈ ಅಳತೆಯಲ್ಲಿ ಸಿಗಬಹುದೆಂದೂ, ಮಣ್ಣಿನ ಮೇಲ್ಪದರದ ತೇವವೂ ತಿಳಿಯುತ್ತದೆಂದೂ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಹಂಗಾದ್ರೆ ನಮಗೆ ತೆಂಗಿನಕಾಯೇ ಗತಿ," ಎಂದರು. ದೀಪಾವಳಿ ಕಳೆದ ಮೇಲೆ ಮೂರನೆಯ ಬೋರು ಕೊರೆಸುವುದೆಂದು ನಂಗಲಿ ಬರುವ ಮೊದಲೇ ತೀರ್ಮಾನಿಸಿಬಿಟ್ಟಿದ್ದರು.