ಮಳೆ ದಿನ ನಾಯಿ ಜೊತೆ ಕಣ್ಣಾಮುಚ್ಚಾಲೆ

ನಾಯಿ ಸಾಕಬೇಕು ಅಂದರೆ ದೊಡ್ಡ ಅಂಗಳ ಇರಬೇಕು, ಬಿಟ್ಟುಬಿಟ್ಟರೆ ಅದರ ಪಾಡಿಗೆ ಅದು ಓಡಾಡಿಕೊಂಡು ಗಟ್ಟಿಮುಟ್ಟಾಗಿರುತ್ತೆ ಅಂತ ತುಂಬಾ ಜನ ಹೇಳುತ್ತಾರೆ. ನನಗಂತೂ ಈ ಮಾತು ಕೇಳಿ ಕೇಳಿ ಸಾಕಾಗಿದೆ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಎಂಥ ಅಂಗಳ ಇತ್ತು ಗೊತ್ತಾ? ಸುತ್ತ ಕಾಂಪೌಂಡು, ಮರ, ನೆರಳು, ಎಲ್ಲ ಇತ್ತು. ಅಷ್ಟು ಜಾಗ ಇಟ್ಟುಕೊಂಡು ಅವರ ನಾಯಿ ಚಿನ್ನು ದಿನವಿಡೀ ಮಾಡುತ್ತಿದ್ದ ಕೆಲಸ ಒಂದೇ. ಗೇಟಿನ ಹತ್ತಿರ ಮಲಗಿ ಯಾರಾದರೂ ಬರ್ತಾರಾ ಅಂತ ನೋಡೋದು. ಯಾರೂ ಬರದಿದ್ದರೆ ಮಗ್ಗುಲು ಬದಲಿಸೋದು.

ಚಿನ್ನು ಲ್ಯಾಬ್ರಡಾರ್. ಚಿಕ್ಕಮ್ಮನಿಗೆ ಮಂಡಿನೋವು ಜಾಸ್ತಿಯಾಗಿ ಅವರೇ ನಡೆಯೋದು ಕಷ್ಟ ಆದಾಗ ಅವಳು ನಮ್ಮ ಮನೆಗೆ ಬಂದಳು. ಮೇಲಿಂದ ನೋಡಿದರೆ ಭುಜದಿಂದ ಬಾಲದವರೆಗೆ ಒಂದೇ ಅಗಲ, ಸೊಂಟ ಅನ್ನೋದೇ ಇಲ್ಲ. ತೂಕ 41 ಕೆಜಿ. ಹೆಣ್ಣು ಲ್ಯಾಬ್ರಡಾರ್ ಸಾಮಾನ್ಯವಾಗಿ 25ರಿಂದ 32 ಕೆಜಿ ಇರುತ್ತೆ ಅಂದಮೇಲೆ ಲೆಕ್ಕ ಹಾಕಿಕೊಳ್ಳಿ. ಎರಡು ಮೆಟ್ಟಿಲು ಹತ್ತಿದರೆ ನಿಂತು ಏದುಸಿರು ಬಿಡುತ್ತಿದ್ದಳು.

ಡಾಕ್ಟರು ತಕ್ಕಡಿಗಿಂತ ಕೈಯನ್ನೇ ಜಾಸ್ತಿ ನಂಬುವವರು. ಅವಳ ಪಕ್ಕೆ ಮೇಲೆ ಎರಡೂ ಕೈ ಇಟ್ಟು ಬೆರಳಾಡಿಸಿದರು, ಆಮೇಲೆ ನನ್ನ ಕಡೆ ತಿರುಗಿ ಮುಷ್ಟಿ ಕಟ್ಟಿ ಅಂದರು. ಕಟ್ಟಿದೆ. ಗೆಣ್ಣುಗಳ ಮೇಲೆ ಇನ್ನೊಂದು ಕೈ ಬೆರಳು ಆಡಿಸಿ ನೋಡಿ, ಪಕ್ಕೆ ಹೀಗೆ ಚುಚ್ಚಿದರೆ ನಾಯಿ ಬಡಕಲಾಗಿದೆ ಅಂತ ಅರ್ಥ. ಈಗ ಕೈ ಚಾಚಿ, ಹಿಂಗೈ ಮೇಲೆ ಅದೇ ಗೆಣ್ಣು ಮುಟ್ಟಿ, ಮೂಳೆ ಸಿಗುತ್ತೆ ಆದರೆ ಚುಚ್ಚಲ್ಲ, ಹೀಗಿದ್ದರೆ ಸರಿ. ಈಗ ಅಂಗೈ ಮೇಲೆ ಮಾಡಿ, ಬೆರಳುಗಳ ಬುಡದಲ್ಲಿ ಒತ್ತಿ. ಅಲ್ಲಿ ಮೂಳೆ ಇದೆ, ಆದರೆ ಒತ್ತಿ ಹುಡುಕಬೇಕು. ನಿಮ್ಮ ಚಿನ್ನು ಈಗ ಅಲ್ಲಿದ್ದಾಳೆ ಅಂದರು. ಇವತ್ತಿಗೂ ನಮ್ಮ ಮನೆಗೆ ಯಾರಾದರೂ ನಾಯಿ ಕರೆದುಕೊಂಡು ಬಂದರೆ ನನ್ನ ಕೈ ಮೊದಲು ಹೋಗೋದು ಅದರ ಪಕ್ಕೆಗೇ.

ಲ್ಯಾಬ್ರಡಾರ್‌ಗಳ ಹೊಟ್ಟೆಬಾಕತನಕ್ಕೆ ಕಾರಣವೂ ಇದೆ. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ನೋಡಿದ ಪ್ರಕಾರ ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ಗೆ ಪಿಒಎಂಸಿ ಅನ್ನೋ ಜೀನಿನ ಒಂದು ತುಣುಕು ಇರೋದೇ ಇಲ್ಲ. ಹೊಟ್ಟೆ ತುಂಬಿತು ಅನ್ನೋ ಸುದ್ದಿ ಮಿದುಳಿಗೆ ಮುಟ್ಟಿಸೋದರಲ್ಲಿ ಆ ಜೀನಿನ ಪಾತ್ರ ಇದೆ. ಚಿನ್ನುವಿನಲ್ಲಿ ಅದು ಇದೆಯೋ ಇಲ್ಲವೋ ನಾವೇನೂ ಪರೀಕ್ಷೆ ಮಾಡಿಸಿಲ್ಲ, ಅವಳ ಮುಖ ನೋಡಿದರೆ ಸಾಕು. ಇನ್ನೊಂದು ಅಧ್ಯಯನ ನನಗೆ ಚೆನ್ನಾಗಿ ನೆನಪಲ್ಲಿ ಉಳಿದಿದೆ. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿಯಾಗಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25% ಕಡಿಮೆ ಆಹಾರ ಕೊಟ್ಟು ಜೀವನಪೂರ್ತಿ ನೋಡಿದರು. 2002ರಲ್ಲಿ ಫಲಿತಾಂಶ ಬಂತು. ಕಡಿಮೆ ತಿಂದು ತೆಳ್ಳಗಿದ್ದವು ಹೆಚ್ಚುಕಡಿಮೆ ಎರಡು ವರ್ಷ ಜಾಸ್ತಿ ಬದುಕಿದವು, ಕೀಲುನೋವೂ ತಡವಾಗಿ ಶುರುವಾಯಿತು. ನಾಯಿಯ ಆಯಸ್ಸಿನಲ್ಲಿ ಎರಡು ವರ್ಷ ಅಂದರೆ ಸಣ್ಣದಲ್ಲ.

ಹಾಗಾಗಿ ಊಟ ಅಳತೆಗೆ ಬಂತು. ಕಣ್ಣಂದಾಜು ಬಿಟ್ಟು ತೂಕ ಮಾಡಿಯೇ ಕೊಡೋದು, ಬಹುಮಾನಕ್ಕೆ ಅಂತ ಕೊಡುವ ಚೂರುಗಳು ದಿನದ ಆಹಾರದ ಹತ್ತರಲ್ಲಿ ಒಂದು ಪಾಲು ಮೀರಬಾರದು, ಇಷ್ಟೇ. ಊಟದ ಕತೆ ಸುಲಭ, ಅದು ನಮ್ಮ ಕೈಯಲ್ಲಿದೆ. ಓಡಾಟದ್ದೇ ಕಷ್ಟ, ಯಾಕೆಂದರೆ ಅದಕ್ಕೆ ಅವಳೂ ಒಪ್ಪಬೇಕು, ನಾವೂ ಏಳಬೇಕು.

ಈಗ ಆ ಭಾನುವಾರದ ವಿಷಯಕ್ಕೆ ಬರ್ತೀನಿ. ಬೆಳಗ್ಗೆಯಿಂದ ಒಂದೇ ಸಮ ಮಳೆ. ವಾಕಿಂಗ್ ಹೊತ್ತಿಗೆ ಹೊರಗೆ ಹೋದೆವು, ಅವಳು ತನ್ನ ಕೆಲಸ ಮುಗಿಸಿದಳು, ತಿರುಗಿ ಮನೆ ಕಡೆ ನನ್ನನ್ನೇ ಎಳೆದುಕೊಂಡು ಬಂದಳು. ನೀರಲ್ಲಿ ಈಜೋ ಜಾತಿ ಅಂತ ಹೆಸರು, ಮಳೆ ಕಂಡರೆ ಮಾತ್ರ ಆಗಲ್ಲ. ಮೈ ಒರೆಸಿ, ಬೆರಳ ಸಂದಿಯೆಲ್ಲ ಒಣಗಿಸಿ ಬಿಟ್ಟೆ. ಅಲ್ಲಿಂದ ಶುರು. ನಾನು ಅಡುಗೆಮನೆಗೆ ಹೋದರೆ ಹಿಂದೆ, ಕೂತರೆ ಮುಂದೆ. ನಿಟ್ಟುಸಿರು ಬೇರೆ. ಇನ್ನೊಂದು ಮೂಲೆಯಲ್ಲಿ ನನ್ನ ಮಗ, ಅವನದೂ ಅದೇ ಸ್ಥಿತಿ, ಆಟಕ್ಕೆ ಹೋಗೋ ಹಾಗಿಲ್ಲ.

ಅವನಿಗೆ ಮೊದಲು ಹೊಳೆದದ್ದು ಅಜಿಲಿಟಿ. ನಾಯಿಗಳು ಅಡ್ಡಪಟ್ಟಿ ಹಾರಿ, ಕೊಳವೆಯೊಳಗೆ ನುಗ್ಗಿ, ಕಂಬಗಳ ನಡುವೆ ಹಾವಿನ ಹಾಗೆ ಹೋಗುವ ಆಟ ವಿಡಿಯೊದಲ್ಲಿ ನೋಡಿದ್ದ. ಆ ಆಟ ಹುಟ್ಟಿದ್ದೇ ತಮಾಷೆಯಾಗಿ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ ನಡುವೆ ಖಾಲಿ ಸಮಯ ತುಂಬಿಸೋಕೆ ಅಂತ, ಕುದುರೆಗಳ ಜಿಗಿತದ ಸ್ಪರ್ಧೆ ನೋಡಿ, ನಾಯಿಗಳಿಗೂ ಅಂಥದ್ದೊಂದು ಮಾಡಿದರು. ಜನಕ್ಕೆ ಹಿಡಿಸಿಬಿಟ್ಟಿತು. ಆದರೆ ದಪ್ಪ ನಾಯಿಗೆ ಜಿಗಿತ ಒಳ್ಳೆಯದಲ್ಲ. ಹಾರಿ ಇಳಿಯುವಾಗ ಅಷ್ಟೂ ಭಾರ ಮುಂಗಾಲಿನ ಕೀಲಿನ ಮೇಲೆ ಬೀಳುತ್ತೆ. ಬೆಳೆಯೋ ಮರಿಗಳಿಗೂ ಅಷ್ಟೇ, ದೊಡ್ಡ ತಳಿಯವಕ್ಕೆ ಮೂಳೆ ಪೂರ್ತಿ ಗಟ್ಟಿಯಾಗೋಕೆ ವರ್ಷ, ಒಂದೂವರೆ ವರ್ಷ ಬೇಕು. ಅದಕ್ಕೇ ನಾವು ಪೊರಕೆ ಕೋಲು, ಒರೆಸೋ ಕೋಲು, ಮಗನ ಕ್ರಿಕೆಟ್ ಸ್ಟಂಪು, ಇವನ್ನೆಲ್ಲ ಸುಮ್ನೆ ನೆಲದ ಮೇಲೆ ಅಡ್ಡಡ್ಡ ಇಟ್ಟೆವು. ಟೈಲ್ಸ್ ಮೇಲೆ ಕಾಲು ಜಾರುತ್ತೆ ಅಂತ ಕೆಳಗೆ ಮ್ಯಾಟ್ ಹಾಸಿದ್ದೆವು. ಮಗ ಮುಂದೆ, ಚಿನ್ನು ಹಿಂದೆ, ಕೋಲು ದಾಟಿಕೊಂಡು ನಡೆಯಬೇಕು.

ಮೊದಲನೇ ಕೋಲು ಮುಂಗಾಲಲ್ಲಿ ಸರಿಯಾಗಿ ದಾಟಿದಳು. ಹಿಂಗಾಲು ಟಕ್ ಅಂತ ಬಡಿಯಿತು. ನಿಂತು ಹಿಂದೆ ತಿರುಗಿ ನೋಡಿದಳು, ತನಗೆ ಹಿಂದೆಯೂ ಎರಡು ಕಾಲಿವೆ ಅಂತ ಆಗ ತಾನೇ ತಿಳಿದವಳಂತೆ. ನಾಲ್ಕಾರು ಸುತ್ತು ಆಗುವಷ್ಟರಲ್ಲಿ ಹಿಂಗಾಲನ್ನೂ ಎತ್ತಿ ಎತ್ತಿ ಇಡೋಕೆ ಶುರುಮಾಡಿದಳು. ಇದು ನೋಡೋಕೆ ಏನೂ ಅಲ್ಲ ಅನ್ನಿಸುತ್ತೆ, ಆದರೆ ಹಿಂಭಾಗದ ಸ್ನಾಯುಗಳಿಗೆ ಇದು ಒಳ್ಳೆಯ ಕೆಲಸ ಕೊಡುತ್ತೆ. ಮೊಣಕಾಲು ಆಪರೇಷನ್ ಆದ ನಾಯಿಗಳಿಗೂ ಡಾಕ್ಟರು ನೋಡಿಕೊಂಡು ಇದನ್ನೇ ಮಾಡಿಸುತ್ತಾರೆ.

ಆಮೇಲೆ ಕಣ್ಣಾಮುಚ್ಚಾಲೆ. ದಿನದ ಅಸಲಿ ಆಟ ಇದೇ. ಮಗ ಅವಳ ಕೊರಳಪಟ್ಟಿ ಹಿಡಿದುಕೊಂಡು ಕೂರಬೇಕು, ನಾನು ಬಚ್ಚಿಟ್ಟುಕೊಂಡು ಒಂದೇ ಸಲ "ಚಿನ್ನೂ" ಅಂತ ಕೂಗಬೇಕು, ಆಮೇಲೆ ಉಸಿರೆತ್ತಬಾರದು. ಮೊದಲ ಸಲ ಸುಲಭದ ಜಾಗ, ಬಾಗಿಲ ಹಿಂದೆ. ತಕ್ಷಣ ಸಿಕ್ಕಿಬಿದ್ದೆ. ಎರಡನೇ ಸಲ ಮಲಗೋ ಕೋಣೆಯ ಪರದೆ ಹಿಂದೆ ನಿಂತೆ. ಅವಳು ನೇರ ಓಡಿದ್ದು ಬಾಗಿಲ ಹಿಂದಕ್ಕೆ, ಹಿಂದಿನ ಸಲ ಅಲ್ಲೇ ಇದ್ದೆನಲ್ಲ. ಇಲ್ಲ. ಒಂದು ಕ್ಷಣ ಸದ್ದಿಲ್ಲ. ಆಮೇಲೆ ಮೂಗು ಕೆಲಸ ಶುರುಮಾಡಿತು. ಫಸ್ ಫಸ್ ಫಸ್ ಅಂತ ಪುಟ್ಟ ಪುಟ್ಟ ಉಸಿರು, ಒಂದರ ಮೇಲೊಂದು. ನಾಯಿ ಮೂಸುವಾಗ ಸೆಕೆಂಡಿಗೆ ಐದಾರು ಸಲ ಉಸಿರೆಳೆಯುತ್ತೆ, ಹೊರಬಿಡುವ ಗಾಳಿ ಮೂಗಿನ ಪಕ್ಕದ ಸೀಳಿನಿಂದ ಆಚೆ ಹೋಗುತ್ತೆ, ಎದುರಿನಿಂದ ಬರೋ ವಾಸನೆ ಕಲಸಿ ಹೋಗಲ್ಲ. ಪರದೆ ಹಿಂದೆ ನಿಂತು ಆ ಸದ್ದು ಹತ್ತಿರ ಬರೋದನ್ನು ಕೇಳೋದಿದೆಯಲ್ಲ, ನನಗೇ ಎದೆ ಡವಡವ. ಕೋಣೆಗೆ ಬಂದಳು, ಮಂಚದ ಸುತ್ತ ಹೋದಳು, ನನ್ನ ಎದುರಿಗೇ ಹಾದು ಹೋದಳು. ಬಾಗಿಲ ತನಕ ಹೋಗಿ ಗಕ್ಕನೆ ನಿಂತಳು. ತಿರುಗಿದಳು. ಕಾಣಿಸೋದಕ್ಕೆ ಮುಂಚೆಯೇ ಬಾಲ ಬೀಸೋಕೆ ಶುರುವಾಗಿತ್ತು, ಕಪಾಟಿಗೆ ಬಡಿಯೋ ಸದ್ದು ನನಗೆ ಕೇಳ್ತಿತ್ತು. ಪರದೆ ಅಡಿಯಿಂದ ತಣ್ಣನೆ ಒದ್ದೆ ಮೂಗು ಬಂದು ನನ್ನ ಹಿಮ್ಮಡಿಗೆ ತಾಗಿದಾಗ ನಾನು ಕಿರುಚಿದ್ದು ಮಗನಿಗೆ ಇನ್ನೂ ನಗುವ ವಿಷಯ.

ಆಮೇಲೆ ಅವನ ಸರದಿ, ಮತ್ತೆ ನನ್ನದು. ಯಾರೂ ಓಡಲಿಲ್ಲ, ಮನೆ ಬಿಟ್ಟು ಆಚೆ ಹೋಗಲಿಲ್ಲ, ಆದರೂ ಸ್ವಲ್ಪ ಹೊತ್ತಿಗೆ ಚಿನ್ನು ನಾಲಿಗೆ ಚಾಚಿಕೊಂಡು ನೀರಿನ ಬಟ್ಟಲ ಹತ್ತಿರ ಹೋಗಿ ಗಟಗಟ ಕುಡಿದು ಅಲ್ಲೇ ದೊಪ್ಪನೆ ಬಿದ್ದುಕೊಂಡಳು. ಮೂಗಿನ ಕೆಲಸ ನಾಯಿಗೆ ಎಷ್ಟು ದಣಿವು ಕೊಡುತ್ತೆ ಅಂತ ನೋಡಿದವರಿಗೇ ಗೊತ್ತು. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು 50-60 ಲಕ್ಷ ಇದ್ದರೆ ಅವುಗಳಿಗೆ 20 ಕೋಟಿಗೂ ಮೇಲೆ, ತಳಿ ನೋಡಿ ಹೆಚ್ಚುಕಡಿಮೆ. ಇಷ್ಟು ದೊಡ್ಡ ಸಾಮಾನು ಇಟ್ಟುಕೊಂಡಿರೋ ಪ್ರಾಣಿಯನ್ನು ವಾಕಿಂಗ್‌ನಲ್ಲಿ "ಬಾ ಬಾ, ಸಾಕು ಮೂಸಿದ್ದು" ಅಂತ ಎಳೆದುಕೊಂಡು ಹೋಗೋರನ್ನು ಕಂಡರೆ ನನಗೆ ಒಳಗೊಳಗೇ ಸಿಟ್ಟು ಬರುತ್ತೆ. ದಿನಕ್ಕೆ ಎರಡು ವಾಕಿಂಗ್ ಇದ್ದರೆ ಒಂದನ್ನಾದರೂ ಅದಕ್ಕೇ ಬಿಟ್ಟುಕೊಡಿ. ಹಗ್ಗ ಉದ್ದ ಬಿಟ್ಟು, ಅದು ನಿಂತಲ್ಲಿ ನಿಂತು, ಹೋದ ಕಡೆ ಹೋಗಿ. ಚಿನ್ನು ಮೊದಮೊದಲು ಬೀದಿ ಕೊನೆಯಲ್ಲಿ ಕೂತುಬಿಡುತ್ತಿದ್ದವಳು ಮುಂದೆ ಹೋಗೋಕೆ ಒಪ್ಪಿದ್ದು ಹೀಗೇ, ಮುಂದಿನ ಪೊದೆ, ಅದರ ಮುಂದಿನ ಕಂಬ ಅಂತ.

ಮನೆಯಲ್ಲಿ ಇನ್ನೊಂದು ಪಕ್ಷವೂ ಇದೆ. ನಮ್ಮ ಮನೆಯವರದು ಚೆಂಡಿನ ಪಕ್ಷ. ಕುರ್ಚಿಯಲ್ಲಿ ಕೂತು ಚೆಂಡು ಎಸೆಯೋದು, ಅದು ತರೋದು, ಮತ್ತೆ ಎಸೆಯೋದು. ಎಸೆಯೋರಿಗೆ ಸುಖ ಅಷ್ಟೇ! ನಾಯಿ ವೇಗವಾಗಿ ಓಡಿ ಗಕ್ಕನೆ ಬ್ರೇಕ್ ಹಾಕಿ ತಿರುಗುತ್ತಲ್ಲ, ಆ ತಿರುವಿನಲ್ಲೇ ಮಂಡಿ, ಭುಜ ಉಳುಕೋದು. ಕೆಲವು ನಾಯಿಗಳಿಗೆ ಸಾಕು ಅನ್ನೋದು ಗೊತ್ತಾಗಲ್ಲ, ಬೀಳೋ ತನಕ ತರುತ್ತವೆ. ಪೂರ್ತಿ ಬೇಡ ಅಂತಲ್ಲ. ನೆಲದ ಮೇಲೆ ಉರುಳಿಸಿ, ಎತ್ತರಕ್ಕೆ ಎಸೆದು ಜಿಗಿಸಬೇಡಿ, ಹತ್ತಾರು ಸಲ ಆದಮೇಲೆ ಚೆಂಡನ್ನು ಹುಲ್ಲಿನಲ್ಲಿ ಬಚ್ಚಿಟ್ಟು ಹುಡುಕೋಕೆ ಬಿಡಿ. ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ಸಣ್ಣ ಚೆಂಡು ಮಾತ್ರ ಬೇಡವೇ ಬೇಡ. ಈ ವಿಷಯದಲ್ಲಿ ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ.

ಬಿಸಿಲಿನ ದಿನಗಳದ್ದು ಬೇರೆ ಲೆಕ್ಕ. ರಸ್ತೆ ಮೇಲೆ ಹಿಂಗೈ ಇಟ್ಟು ಏಳು ಸೆಕೆಂಡ್ ತಡೆಯೋಕೆ ಆಗದಿದ್ದರೆ ನಾಯಿಯ ಪಾದಕ್ಕೂ ಆಗಲ್ಲ. ಅವಕ್ಕೆ ಬೆವರೋದು ಪಾದದಲ್ಲಿ ಮಾತ್ರ, ಉಳಿದ ಸೆಕೆ ಎಲ್ಲ ಏದುಸಿರಿನಲ್ಲೇ ಆಚೆ ಹೋಗಬೇಕು. ಪಗ್ ಥರದ ಚಪ್ಪಟೆ ಮೂಗಿನವಕ್ಕೆ ಅದೂ ಕಷ್ಟ, ಅವನ್ನು ಓಟಕ್ಕೆ ಹಚ್ಚಲೇಬಾರದು. ಮೈ ಬಿಸಿ 41 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೀವಕ್ಕೇ ಅಪಾಯ, ನೆರಳಿಗೆ ಕರೆತಂದು ಮೈಗೆ ನೀರು ಸುರಿದು ಗಾಳಿ ಹಾಕಿ ಡಾಕ್ಟರ ಹತ್ತಿರ ಓಡಬೇಕು.

ಮಧ್ಯಾಹ್ನ ಮಳೆ ಸ್ವಲ್ಪ ಕಡಿಮೆಯಾದಾಗ ಚಿಕ್ಕಮ್ಮ ಬಂದರು. ಚಿನ್ನು ಅವರನ್ನು ನೋಡಿ ಅಳೋದೊಂದು ಬಾಕಿ. ಚಿಕ್ಕಮ್ಮ ಅವಳ ಬೆನ್ನು ಸವರಿ, ಹೊಟ್ಟೆ ಸವರಿ, ನನ್ನ ಕಡೆ ನೋಡಿದರು.

"ಏನೇ ಇದು, ನನ್ನ ಮಗೂನ ಉಪವಾಸ ಕೆಡವಿದ್ದೀಯಾ?"

"ಸೊಂಟ ಬಂದಿದೆ ಚಿಕ್ಕಮ್ಮ ಅವಳಿಗೆ. ಮೇಲಿಂದ ನೋಡಿ."

"ನನಗೇನೂ ಕಾಣಲ್ಲ ಬಿಡು."

ಚಿಕ್ಕಮ್ಮನಿಗೆ ಮನಸ್ಸಿನಲ್ಲಿ ಇದ್ದದ್ದು ಬೇರೆ. ತನಗೆ ನಡೆಸೋಕೆ ಆಗದೆ ಅವಳು ಹಾಗಾದಳು ಅಂತ ಅವರಿಗೆ ಒಳಗೇ ಕೊರಗು, ಮಾತಿನಲ್ಲಿ ಅದು ಜಗಳವಾಗಿ ಬರುತ್ತೆ. ನಾನು ಏನೂ ಹೇಳಲಿಲ್ಲ. ಮಗ ಹೋಗಿ ಅವಳ ಊಟದ ಡಬ್ಬಿಯಿಂದ ಒಂದಿಷ್ಟು ಕಾಳು ತಂದು ಚಿಕ್ಕಮ್ಮನ ಕೈಗೆ ಹಾಕಿ, "ಅಜ್ಜಿ, ಒಂದು ಕೈಲಿ ಇಟ್ಕೊಂಡು ಎರಡೂ ಮುಷ್ಟಿ ಮುಚ್ಚಿ ಅವಳಿಗೆ ತೋರಿಸು" ಅಂದ. ಕುರ್ಚಿಯಿಂದ ಏಳೋದೇ ಬೇಡ. ಚಿಕ್ಕಮ್ಮ ಬೆನ್ನ ಹಿಂದೆ ಕೈ ಬದಲಾಯಿಸಿ ಎರಡು ಮುಷ್ಟಿ ಮುಂದಿಟ್ಟರು. ಚಿನ್ನು ಎಡಗೈ ಮೂಸಿದಳು, ಬಲಗೈ ಮೂಸಿದಳು, ಮತ್ತೆ ಎಡಕ್ಕೆ ಬಂದು ಅಲ್ಲೇ ಮೂಗು ಒತ್ತಿ ಕೂತಳು. ಸರಿ! ಇನ್ನೊಂದು ಸಲ. ಸರಿ! ಚಿಕ್ಕಮ್ಮ ಈಗ ಮೋಸಕ್ಕೆ ಇಳಿದರು, ಎರಡೂ ಕೈ ಉಜ್ಜಿ ವಾಸನೆ ಕಲಸಿ ಇಟ್ಟರು. ಅವಳಿಗೆ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಿತು, ಎರಡೂ ಕೈ ನಡುವೆ ತಲೆ ಆಡಿಸಿದಳು, ಮುಂಗಾಲು ಎತ್ತಿ ಬಲ ಮುಷ್ಟಿ ಮೇಲೆ ಇಟ್ಟೇಬಿಟ್ಟಳು.

"ಅಯ್ಯೋ ಕಳ್ಳಿ, ಹೆಂಗೇ ಗೊತ್ತಾಯ್ತು ನಿಂಗೆ?"

ಇಷ್ಟು ವರ್ಷ ಅವರಿಬ್ಬರೂ ಆ ಅಂಗಳದಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದರು, ಒಬ್ಬರಿಗೆ ಮಂಡಿ ಇಲ್ಲ ಅಂತ ಇನ್ನೊಬ್ಬಳೂ ಕೂತಳು. ನಾಯಿ ಒಂಟಿಯಾಗಿ ವ್ಯಾಯಾಮ ಮಾಡುವ ಪ್ರಾಣಿಯೇ ಅಲ್ಲ, ಜೊತೆಗಿರೋರು ಏನು ಮಾಡುತ್ತಾರೋ ಅದನ್ನೇ ಮಾಡೋದು. ಹಾಗಾಗಿ ಆಟ ಹುಡುಕುವಾಗ ಇಬ್ಬರ ಮೈಗೂ ಆಗುವಂಥದ್ದನ್ನೇ ಹುಡುಕಬೇಕು ಅಲ್ವಾ. ಓಡೋಕೆ ಆಗೋರು ಓಡಲಿ, ಆಗದಿರೋರು ಟವೆಲ್ಲಿನ ಮಡಿಕೆಗಳಲ್ಲಿ ಕಾಳು ಸುತ್ತಿಟ್ಟು ಬಿಚ್ಚಿಸಲಿ, ಮೂರು ಬಟ್ಟಲು ಬೋರಲು ಹಾಕಿ ಕಾಳು ಯಾವುದರಡಿ ಇದೆ ಅಂತ ಕೇಳಲಿ.

ಮಗ ಡಬ್ಬಿಗೂ ಕುರ್ಚಿಗೂ ಓಡಾಡುತ್ತಲೇ ಇದ್ದ. ಸಂಜೆ ಚಿಕ್ಕಮ್ಮ ಹೊರಡುವಾಗ ನಾನು ತಕ್ಕಡಿ ತೆಗೆದು, ಅಷ್ಟು ಹೊತ್ತು ಆಟದಲ್ಲಿ ತಿಂದ ಕಾಳಿನ ತೂಕವನ್ನು ಅಂದಾಜು ಮಾಡಿ ರಾತ್ರಿ ಊಟದಿಂದ ಕಳೆದೆ. ಚಿಕ್ಕಮ್ಮ ಬಾಗಿಲಲ್ಲೇ ನಿಂತು ನೋಡಿದರು.

"ಜಿಪುಣಿ," ಅಂದರು. ಆಮೇಲೆ ಮಗನ ಕಡೆ ತಿರುಗಿ, "ಮುಂದಿನ ವಾರ ಅವಳನ್ನ ನಮ್ಮನೆಗೇ ಕರ್ಕೊಂಡು ಬಾ, ಇವಳು ಬೇಡ."